ಕಾರ್ತಿಕದ ತಿರುಪತಿ ಪಾದಯಾತ್ರೆ: ಲೆಕ್ಕದಲ್ಲಿ ಮಳೆಯ ದಿನವನ್ನೂ ಸೇರಿಸಿ

ಕೋಲಾರದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಕೋಲಾರ, ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ, ಚಿಂತಾಮಣಿ ಕಡೆಗಳಿಂದ ತಿರುಪತಿಗೆ ಜನರನ್ನು ನಡೆಸಿಕೊಂಡು ಹೋಗುವ ತಂಡಗಳ ಹಿರಿಯರಿಗೆ ನಮಸ್ಕಾರಗಳು.

ದೀಪಾವಳಿ ಕಳೆದು ಕಾರ್ತಿಕ ಹುಟ್ಟಿತೆಂದರೆ ಮುಳಬಾಗಿಲು ರಸ್ತೆಯಲ್ಲಿ ಹಳದಿ ಪಂಚೆ, ಹಳದಿ ಸೀರೆಗಳ ಸಾಲು ಶುರುವಾಗುತ್ತದೆ. ವೈಕುಂಠ ಏಕಾದಶಿಯವರೆಗೂ ಅದು ನಿಲ್ಲುವುದಿಲ್ಲ. ಇದೇ ಎರಡು ತಿಂಗಳು ಬಂಗಾಳ ಕೊಲ್ಲಿಯೂ ಸುಮ್ಮನಿರುವುದಿಲ್ಲ. ಸ್ವಾತಿ, ವಿಶಾಖ, ಅನುರಾಧ ಮಳೆಗಳು ಬೀಳುವುದು ಆಗಲೇ. ರಾಗಿ ಕೊಯ್ಯುವ ಮುಂಚೆ ಎರಡು ದಿನ ಆಕಾಶ ನೋಡುವ ಜನ ನಾವು. ಮೋಡ ಕಂಡರೆ ಕುಡುಗೋಲನ್ನು ಕೆಳಗಿಡುತ್ತೇವೆ. ಆದರೆ ನಲವತ್ತು, ಐವತ್ತು ಜನರನ್ನು ಹೆದ್ದಾರಿಗೆ ಇಳಿಸುವಾಗ ಪಂಚಾಂಗದಲ್ಲಿ ಒಳ್ಳೆಯ ದಿನ ನೋಡಿ, ದರ್ಶನದ ತಾರೀಖು ನೋಡಿ ಹೊರಟುಬಿಡುತ್ತೇವೆ. ನಡುವೆ ಮಳೆ ಹಿಡಿದರೆ ‘ಸ್ವಾಮಿಯ ಪರೀಕ್ಷೆ’ ಎಂದುಕೊಂಡು ನೆನೆದುಕೊಂಡೇ ನಡೆಯುತ್ತೇವೆ. ಈ ರಸ್ತೆಯಲ್ಲಿ ಕಾರ್ತಿಕದ ಮಳೆ ಅನಿರೀಕ್ಷಿತವೇನಲ್ಲ. ಅದಕ್ಕೆಂದು ದಿನ ಎತ್ತಿಡದಿರುವುದೇ ನಮ್ಮ ತಪ್ಪು. ಈ ಪತ್ರದಲ್ಲಿ ಹೇಳಹೊರಟಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಮೊದಲು ದಾರಿಯ ಸ್ವಭಾವ. ಕೋಲಾರದಿಂದ ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ಚಂದ್ರಗಿರಿ ಮೇಲೆ ತಿರುಪತಿಗೆ ಸುಮಾರು 180 ಕಿ.ಮೀ. ಕೋಲಾರ, ಮುಳಬಾಗಿಲು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿವೆ. ಪಲಮನೇರು 700ರ ಆಸುಪಾಸು. ಮೊಗಿಲಿ ಘಾಟ್ ಇಳಿದು ಚಿತ್ತೂರು ಸೇರುವಷ್ಟರಲ್ಲಿ 300ರ ಸುಮಾರಿಗೆ ಬಂದಿರುತ್ತೇವೆ. ತಿರುಪತಿ ಊರು ಇನ್ನೂ ತಗ್ಗು. ಅಲ್ಲಿಂದ ಬೆಟ್ಟ ಹತ್ತಿದರೆ ಮತ್ತೆ 850ರ ಹತ್ತಿರ. ಹಾಗಾಗಿ ಒಂದೇ ಯಾತ್ರೆಯಲ್ಲಿ ಮೂರು ಹವೆ ಸಿಗುತ್ತವೆ. ಘಾಟ್ ಮೇಲೆ ಬೆಳಗಿನ ಜಾವದ ಮಂಜು, ಚಳಿ, ದಿನವಿಡೀ ಬಿಡದ ಸೋನೆ. ಘಾಟ್ ಅಂಚಿನಲ್ಲಿ ಗಾಳಿಯ ಜೊತೆ ಬರುವ ಜೋರು ಮಳೆ. ಕೆಳಗಿಳಿದ ಮೇಲೆ, ಮಳೆ ಬಿಟ್ಟ ಮರುಗಳಿಗೆಯೇ ಬೆವರು ಕಿತ್ತುಕೊಂಡು ಬರುವ ಸೆಖೆ. ಕೋಲಾರದಲ್ಲಿ ಹೊದ್ದ ಸ್ವೆಟರು ಚಿತ್ತೂರಿನಾಚೆಯ ಪೂತಲಪಟ್ಟಿನಲ್ಲಿ ಹೊರೆಯಾಗುತ್ತದೆ. ಅದೇ ಸ್ವೆಟರನ್ನು ಚಿತ್ತೂರಿನಲ್ಲಿ ಯಾರಿಗೋ ಕೊಟ್ಟು ಬಂದವರು ಬೆಟ್ಟದ ಮೇಲೆ ಕ್ಯೂನಲ್ಲಿ ನಿಂತು ನಡುಗುತ್ತಾರೆ.

ಚಂಡಮಾರುತಕ್ಕೆ ಹೆಸರು ಬಂದ ಮೇಲೆ ಎಲ್ಲರೂ ಎಚ್ಚರವಾಗುತ್ತಾರೆ. 2022ರ ಡಿಸೆಂಬರಿನ ಮ್ಯಾಂಡೌಸ್, 2024ರ ನವೆಂಬರ್ ಕೊನೆಯ ಫೆಂಗಲ್ ಎರಡೂ ತಮಿಳುನಾಡು, ಪುದುಚೇರಿ ಕರಾವಳಿಯಲ್ಲಿ ದಡ ಮುಟ್ಟಿದವು. ನಮ್ಮ ಕಡೆ ಬಿಸಿಲೇ ಕಾಣದ ಚಳಿ ಹಿಡಿಯಿತು. ಫೆಂಗಲ್ ಸಮಯದಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆದರೆ ನೆನಪಿಡಬೇಕಾದ ವರ್ಷ 2021. ಆ ನವೆಂಬರ್ 18, 19ರಂದು ತಿರುಪತಿಯನ್ನು ಮುಳುಗಿಸಿದ, ಸ್ವರ್ಣಮುಖಿ ನದಿಯನ್ನು ಉಕ್ಕಿಸಿದ ಮಳೆಗೆ ಹೆಸರೇ ಇರಲಿಲ್ಲ. ಅದು ಬರೀ ವಾಯುಭಾರ ಕುಸಿತ, ಅಂದರೆ ಡಿಪ್ರೆಶನ್. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಚಂಡಮಾರುತವೆಂದು ಕರೆದು ಹೆಸರಿಡುತ್ತಾರೆ. ಹೆಸರು ಗಾಳಿಯದು, ಮಳೆಯದಲ್ಲ. ‘ಸೈಕ್ಲೋನ್ ಏನೂ ಇಲ್ಲವಂತೆ, ಬರೀ ಡಿಪ್ರೆಶನ್ ಅಂತೆ’ ಎಂದು ಹೊರಡುವ ತಂಡಗಳು ಇದನ್ನು ದಯವಿಟ್ಟು ಗಮನಿಸಬೇಕು. 2021ರ ಆ ಮಳೆಯಲ್ಲೇ ತಿರುಮಲ ಬೆಟ್ಟ ಹತ್ತುವ ಶ್ರೀವಾರಿ ಮೆಟ್ಟು ಹಾದಿ ಕೊಚ್ಚಿಹೋಯಿತು. ರಿಪೇರಿಯಾಗಿ ಭಕ್ತರಿಗೆ ಮತ್ತೆ ತೆರೆದದ್ದು 2022ರ ಮೇ ತಿಂಗಳಲ್ಲಿ.

ಮುನ್ಸೂಚನೆ ನೋಡುವಾಗಲೂ ಒಂದು ತೊಡಕಿದೆ. ನಮ್ಮ ಫೋನುಗಳಲ್ಲಿ ಬರುವುದು ಕೋಲಾರ ಜಿಲ್ಲೆಯ ಸೂಚನೆ. ನಂಗಲಿ ದಾಟಿದ ಮೇಲೆ ಅದು ಕೆಲಸಕ್ಕೆ ಬಾರದು. ಕೋಲಾರ ‘ದಕ್ಷಿಣ ಒಳನಾಡಿ’ಗೆ ಸೇರಿದ್ದರೆ ಚಿತ್ತೂರು, ತಿರುಪತಿ ‘ರಾಯಲಸೀಮೆ’ಯ ಬುಲೆಟಿನ್‌ನಲ್ಲಿ ಬರುತ್ತವೆ. 2022ರ ಏಪ್ರಿಲ್‌ನಿಂದ ತಿರುಪತಿ ಬೇರೆ ಜಿಲ್ಲೆ, ಹಾಗಾಗಿ ಎಚ್ಚರಿಕೆಯೂ ಬೇರೆ. ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್‌ನಲ್ಲಿ ಮೂರೂ ಜಿಲ್ಲೆಗಳನ್ನು ಹಾಕಿಕೊಂಡು, ಹೊರಡುವ ಐದು ದಿನ ಮುಂಚಿನಿಂದ ದಿನಕ್ಕೊಮ್ಮೆ ನೋಡಬೇಕು. ನಡಿಗೆ ಶುರುವಾದ ಮೇಲೆ ಬೆಳಗ್ಗೆ, ಮಧ್ಯಾಹ್ನ ಎರಡು ಸಲ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ’, 115.6ರಿಂದ ‘ಅತಿ ಭಾರಿ’ ಮಳೆ ಎಂದು ಇಲಾಖೆಯ ಲೆಕ್ಕ. ಹಳದಿ ಬಣ್ಣವೆಂದರೆ ಕಣ್ಣಿಟ್ಟಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕ್ರಮ ತೆಗೆದುಕೊಳ್ಳಿ. ಆದರೆ ಈ ಬಣ್ಣಗಳನ್ನು ಗುರುತಿಸಿರುವುದು ಮನೆಯಲ್ಲಿರುವವರನ್ನೂ ಸೇರಿಸಿ ಎಲ್ಲ ಜನರಿಗಾಗಿ. ತಲೆಯ ಮೇಲೆ ಸೂರಿಲ್ಲದೆ ರಸ್ತೆಯಲ್ಲಿ ನಡೆಯುವವರು ಒಂದು ಮೆಟ್ಟಿಲು ಮೇಲೆ ಓದಿಕೊಳ್ಳಬೇಕು: ಹಳದಿಯಿದ್ದರೆ ಸಿದ್ಧತೆ, ಕಿತ್ತಳೆಯಿದ್ದರೆ ನಿಲ್ಲುವುದು.

ಈಗ ದಿನಗಳ ಲೆಕ್ಕ. ಒಣ ರಸ್ತೆಯಲ್ಲಿ ತಂಡ ಗಂಟೆಗೆ 4ರಿಂದ 4.5 ಕಿ.ಮೀ. ನಡೆಯುತ್ತದೆ. ದಿನಕ್ಕೆ 30 ಕಿ.ಮೀ.ಗೆ ನಡಿಗೆ ಏಳು ಗಂಟೆ, ಊಟ ತಿಂಡಿ ವಿಶ್ರಾಂತಿ ಎರಡೂವರೆ ಗಂಟೆ. ಮಳೆಯಲ್ಲಿ ವೇಗ 3 ಕಿ.ಮೀ.ಗೆ ಇಳಿಯುತ್ತದೆ. ಹೊಂಡ ತಪ್ಪಿಸಬೇಕು, ಲಾರಿಗಳು ಎರಚುವ ನೀರಿಗೆ ನಿಲ್ಲಬೇಕು, ಹಿಂದೆ ಬಿದ್ದವರನ್ನು ಕಾಯಬೇಕು. ಅದೇ 30 ಕಿ.ಮೀ.ಗೆ ನಡಿಗೆಯೇ ಹತ್ತು ಗಂಟೆ, ನಿಲುಗಡೆ ಸೇರಿ ಹನ್ನೆರಡೂವರೆ. ನವೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಆರೂಕಾಲರ ನಂತರ, ಮುಳುಗುವುದು ಸಂಜೆ ಆರಕ್ಕೆ ಮುಂಚೆ. ಬೆಳಕಿರುವುದೇ ಹನ್ನೊಂದೂವರೆ ಗಂಟೆ. ಉಳಿದ ಒಂದು ಗಂಟೆಯನ್ನು ತಂಡ ಕತ್ತಲಲ್ಲಿ, ಒದ್ದೆಯಲ್ಲಿ, ದಣಿದು ನಡೆಯುತ್ತದೆ. ಯಾತ್ರೆಯ ಅನಾಹುತಗಳು ಕಾದಿರುವುದು ಆ ಒಂದು ಗಂಟೆಯಲ್ಲಿ.

ಹಾಗಾಗಿ ಕಾರ್ತಿಕದಲ್ಲಿ ದಿನಕ್ಕೆ 25 ಕಿ.ಮೀ.ಗೆ ಲೆಕ್ಕ ಹಾಕಿ. 180 ಕಿ.ಮೀ.ಗೆ ಏಳು ದಿನ ಚಿಲ್ಲರೆಯಾಗುತ್ತದೆ, ಎಂಟು ದಿನ ಇಡಿ. ಅದರ ಮೇಲೆ ನಡಿಗೆಯೇ ಇಲ್ಲದ ಒಂದು ದಿನ ಬೇರೆ. ಐದು ದಿನದಲ್ಲಿ ಮುಟ್ಟುತ್ತೇವೆಂದು ಹೆಮ್ಮೆಪಡುವ ತಂಡಗಳಿವೆ. ಮಾಘ, ಫಾಲ್ಗುಣದ ಒಣ ಹವೆಯಲ್ಲಿ ಅದು ಸಾಧ್ಯ, ಈಗಲ್ಲ.

ಆ ಹೆಚ್ಚಿನ ದಿನವನ್ನು ಎಲ್ಲಿಡಬೇಕು ಎಂಬುದೂ ಮುಖ್ಯ. ಕೊನೆಯಲ್ಲಿ ಇಟ್ಟರೆ ಉಪಯೋಗವಿಲ್ಲ, ಅಷ್ಟರಲ್ಲಿ ಕಷ್ಟವೆಲ್ಲ ಮುಗಿದಿರುತ್ತದೆ. ಘಾಟ್ ಇಳಿಯುವ ಮುಂಚೆ, ಪಲಮನೇರಿನಲ್ಲಿ ಇಡಿ. ಅಲ್ಲಿ ಆಸ್ಪತ್ರೆ, ಅಂಗಡಿ, ತಂಗುವ ಜಾಗ ಎಲ್ಲವೂ ಸಿಗುತ್ತವೆ. ಅಲ್ಲಿಂದ ಮುಂದೆ ಘಾಟಿನ ತಿರುವುಗಳು, ಕೌಂಡಿನ್ಯ ಆನೆಧಾಮದ ಕಾಡಂಚು. ಆ ಭಾಗದಲ್ಲಿ ಆನೆಗಳು ಹೆದ್ದಾರಿ ದಾಟುತ್ತವೆ. ಮಂಜಿನಲ್ಲಿ ಆನೆ ಹತ್ತಿರವಾಗುವವರೆಗೂ ಕಾಣದು. ಘಾಟನ್ನು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರೊಳಗೆ ಮಾತ್ರ ಇಳಿಯಿರಿ. ಮಳೆ ಬರದೆ ದಿನ ಉಳಿದರೆ ವ್ಯರ್ಥವೇನಾಗುವುದಿಲ್ಲ: ಕಾಣಿಪಾಕದ ವಿನಾಯಕನ ದರ್ಶನಕ್ಕೋ ಶ್ರೀನಿವಾಸ ಮಂಗಾಪುರಕ್ಕೋ ಒಂದು ದಿನ ಸಿಕ್ಕಿತು, ಕಾಲಿಗೂ ವಿಶ್ರಾಂತಿ.

ತಂಡಗಳು ಮಳೆಯಲ್ಲೂ ನುಗ್ಗುವುದಕ್ಕೆ ದೊಡ್ಡ ಕಾರಣ ಮುಂಗಡ ಬುಕ್ ಮಾಡಿದ 300 ರೂಪಾಯಿಯ ದರ್ಶನದ ಟಿಕೆಟ್. ತಾರೀಖು, ಗಂಟೆ ಎರಡೂ ಅದರ ಮೇಲೆ ಅಚ್ಚಾಗಿರುತ್ತವೆ. ಆ ಗಂಟೆ ಹಿಡಿಯಲು ನಡುರಾತ್ರಿಯೂ ನಡೆಯುತ್ತಾರೆ. ನಮ್ಮ ಸಲಹೆ ಇದು: ಟಿಕೆಟ್ ತೆಗೆಯುವುದಾದರೆ ತಲುಪುವ ದಿನದ್ದಲ್ಲ, ಅದರ ಮಾರನೆಯ ದಿನದ್ದು ತೆಗೆಯಿರಿ. ಇಲ್ಲವೇ ಟಿಕೆಟ್ಟಿಲ್ಲದೆ ಹೋಗಿ ಸರ್ವದರ್ಶನಕ್ಕೆ ನಿಲ್ಲಿ. ಎಂಟು ದಿನ ನಡೆದವರಿಗೆ ಕ್ಯೂನಲ್ಲಿ ಇನ್ನೊಂದಷ್ಟು ಗಂಟೆ ಕಾಯುವುದು ಭಾರವಲ್ಲ.

ಇನ್ನು ಒದ್ದೆಯ ವಿಷಯ. ನಮ್ಮ ಕಡೆಯ ಚಳಿ ಹಿಮಾಲಯದ ಚಳಿಯೇನಲ್ಲ, ಯಾರಿಗೆ ಏನಾಗುತ್ತದೆ ಎಂಬ ಮಾತು ತಪ್ಪು. 18 ಡಿಗ್ರಿಯಲ್ಲಿ ಒಣಗಿದ ಬಟ್ಟೆಯಲ್ಲಿದ್ದವನಿಗೆ ಏನೂ ಆಗುವುದಿಲ್ಲ. ಅದೇ 18 ಡಿಗ್ರಿಯಲ್ಲಿ ನೆನೆದ ಹತ್ತಿ ಪಂಚೆ ಸುತ್ತಿಕೊಂಡು, ಹೆದ್ದಾರಿಯ ಗಾಳಿಗೆ ಮೈಯೊಡ್ಡಿ, ಉಪವಾಸವಿದ್ದು ನಾಲ್ಕು ಗಂಟೆ ನಡೆದವರ ಮೈ ಶಾಖ ಇಳಿಯುತ್ತಾ ಹೋಗುತ್ತದೆ. ಹತ್ತಿ ಬಟ್ಟೆ ನೀರು ಹೀರಿಕೊಂಡು ಚರ್ಮಕ್ಕೆ ಅಂಟುತ್ತದೆ, ಗಾಳಿ ಆ ನೀರನ್ನು ಆರಿಸುವಾಗ ಮೈಯ ಬಿಸಿಯನ್ನು ಜೊತೆಗೇ ಒಯ್ಯುತ್ತದೆ. ನಡೆಯುತ್ತಿರುವಷ್ಟು ಹೊತ್ತು ಗೊತ್ತಾಗುವುದಿಲ್ಲ. ಊಟಕ್ಕೆ ಕೂತ ಹತ್ತು ನಿಮಿಷದಲ್ಲಿ ನಡುಕ ಶುರು. ಅರವತ್ತು ದಾಟಿದವರು, ಸಣಕಲು ಮೈಯವರು, ಸಕ್ಕರೆ ಕಾಯಿಲೆಯವರು, ಮಕ್ಕಳು ಮೊದಲು ಸೋಲುತ್ತಾರೆ.

ಇದಕ್ಕೆ ಮದ್ದು ಸುಲಭ: ಪ್ರತಿಯೊಬ್ಬರ ಬೆನ್ನಿನ ಮೇಲೂ ಒಂದು ಜೊತೆ ಒಣಬಟ್ಟೆ ಇರಬೇಕು. ಬೆನ್ನಿನ ಮೇಲೆ, ಗಾಡಿಯಲ್ಲಲ್ಲ. ಹೆಚ್ಚಿನ ತಂಡಗಳಲ್ಲಿ ಸಾಮಾನೆಲ್ಲ ಟಾಟಾ ಏಸಿನಲ್ಲೋ ಟೆಂಪೋದಲ್ಲೋ ಇರುತ್ತದೆ. ಅದು ಅಡುಗೆ ಮಾಡಲೆಂದು ಹತ್ತು ಕಿ.ಮೀ. ಮುಂದೆ ಹೋಗಿರುತ್ತದೆ. ಮಳೆ ಹೊಡೆದಾಗ ಒಣಬಟ್ಟೆ ಇರುವುದು ಅಲ್ಲಿ, ನೆನೆದವರು ಇರುವುದು ಇಲ್ಲಿ. ಎಷ್ಟೇ ವ್ಯವಸ್ಥಿತ ತಂಡವಾದರೂ ಎಡವುವುದು ಇಲ್ಲೇ. ಒಂದು ಶರ್ಟು ಅಥವಾ ಕುರ್ತಾ, ಒಂದು ಲುಂಗಿ ಅಥವಾ ಪೈಜಾಮ, ಒಳಉಡುಪು, ಎರಡು ಜೊತೆ ಕಾಲುಚೀಲ, ತೆಳು ಟವೆಲು, ತಲೆಗೆ ಕುಲಾವಿ. ಎಲ್ಲ ಸೇರಿ ಒಂದು ಕಿಲೋ ಸುತ್ತಮುತ್ತ. ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಆಮೇಲೆ ಅದನ್ನು ಇನ್ನೊಂದು ಕವರಿಗೆ ತಲೆಕೆಳಗಾಗಿ ಇಳಿಸಿ. ಒಂದೇ ಕವರಾದರೆ ಹೊಲಿಗೆ ಸಂದಿಯಲ್ಲಿ ನೀರು ಹೊಕ್ಕೇ ಹೊಗುತ್ತದೆ. ಈ ಜೊತೆಯನ್ನು ನಡೆಯುವಾಗ ಹಾಕಿಕೊಳ್ಳಬಾರದು, ನಿಂತ ಮೇಲೆ ಸೂರಿನ ಕೆಳಗೆ ಮಾತ್ರ. ಮಾರನೆಯ ಬೆಳಗ್ಗೆ ಮಳೆಯಿದ್ದರೆ ನಿನ್ನೆಯ ಒದ್ದೆ ಬಟ್ಟೆಯನ್ನೇ ಹಿಂಡಿ ಉಟ್ಟು ಹೊರಡಬೇಕು. ಕೇಳಲು ಹಿಂಸೆ, ಆದರೆ ರಾತ್ರಿಗೆ ಒಣಬಟ್ಟೆ ಉಳಿಯುವುದು ಹಾಗೆ ಮಾಡಿದರೆ ಮಾತ್ರ.

ಮೇಲು ಹೊದಿಕೆಗೆ ಛತ್ರಿ ಬೇಡ. ಲಾರಿಯೊಂದು ಪಕ್ಕದಲ್ಲಿ ಹಾದರೆ ಮಗುಚುತ್ತದೆ, ಮಗುಚಿದ್ದನ್ನು ಹಿಡಿಯಲು ಹೋದವರು ರಸ್ತೆಗೆ ಜಾರುತ್ತಾರೆ. ಪೂರ್ತಿ ರೇನ್‌ಕೋಟಿನಲ್ಲಿ ಬೆವರಿಗೇ ಒಳಗೆಲ್ಲ ಒದ್ದೆ. ತಲೆಯಿಂದ ಮೊಣಕಾಲವರೆಗೆ ಇಳಿಬೀಳುವ, ಪಕ್ಕಗಳು ತೆರೆದಿರುವ ಪಾಂಚೋ ಬೆನ್ನಿನ ಚೀಲವನ್ನೂ ಮುಚ್ಚುತ್ತದೆ. ಸೊಂಟಕ್ಕೊಂದು ದಾರ ಕಟ್ಟಿದರೆ ಗಾಳಿಗೆ ಏಳುವುದಿಲ್ಲ. ಕೊಳ್ಳಲಾಗದವರು ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು ಕೊಪ್ಪೆ ಮಾಡಿಕೊಳ್ಳಿ, ಹೊಲದಲ್ಲಿ ಮಾಡುವ ಹಾಗೆಯೇ. ಕಂಬಳಿ ನೆನೆದರೂ ಬೆಚ್ಚಗಿಡುತ್ತದೆ ಎಂಬುದು ನಿಜ, ಆದರೆ ನೆನೆದ ಕಂಬಳಿಯ ಭಾರ ಹೊತ್ತು ನಡೆಯಲಾಗದು. ಅದು ಗಾಡಿಯಲ್ಲಿರಲಿ, ರಾತ್ರಿಗೆ. ದೇವಸ್ಥಾನದ ಕಲ್ಲು ಹಾಸಿನ ಮೇಲೆ ಮಲಗುವಾಗ ಕೆಳಗೆ ಟಾರ್ಪಾಲು, ಅದರ ಮೇಲೆ ಚಾಪೆ, ಅದರ ಮೇಲೆ ಕಂಬಳಿ. ಹೊದಿಕೆಗಿಂತ ಹಾಸಿಗೆ ಮುಖ್ಯ, ಚಳಿ ಏರುವುದು ಕಲ್ಲಿನಿಂದ.

ಕಾಲು. ನೆನೆದ ಅಂಗಾಲು ಬಿಳಿಚಿ, ನಿರಿಗೆಗಟ್ಟಿ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಉಜ್ಜಿಕೊಳ್ಳುತ್ತದೆ. ಬೊಬ್ಬೆ ಏಳುವುದು ಹಾಗೆ. ಬರಿಗಾಲಿನಲ್ಲಿ ನಡೆಯುವ ಹರಕೆಯವರಿಗೆ ಬೊಬ್ಬೆ ಕಡಿಮೆ, ಆದರೆ ಮೆತ್ತಗಾದ ಅಂಗಾಲಿಗೆ ಡಾಂಬರಿನ ಜಲ್ಲಿ ಚೂರು ಚುಚ್ಚುತ್ತದೆ. ಮಳೆಯಲ್ಲಿ ರಸ್ತೆಯಂಚಿಗೆ ತೇಲಿಬಂದ ಗಾಜು, ಮುಳ್ಳು ಕಾಣುವುದೇ ಇಲ್ಲ. ಹರಕೆಯನ್ನು ಗೌರವಿಸಿಯೇ ಹೇಳುತ್ತೇವೆ: ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಿನಲ್ಲಿ ನಡೆಯಬಾರದು. ಬೆಟ್ಟದ ಮೆಟ್ಟಿಲುಗಳನ್ನಷ್ಟೇ ಬರಿಗಾಲಿನಲ್ಲಿ ಹತ್ತಿ ಹರಕೆ ತೀರಿಸಿಕೊಳ್ಳಿ.

ಬೂಟು ಹಾಕುವವರು ಹೊಸದನ್ನು ಯಾತ್ರೆಗೆಂದು ತಂದು ಅಂದೇ ತೊಡಬೇಡಿ. ತಿಂಗಳು ಮುಂಚೆ ತಂದು, ವಾರಕ್ಕೆ ಮೂರು ದಿನ ಐದಾರು ಕಿ.ಮೀ. ನಡೆದು ಪಳಗಿಸಿ. ದಿನವಿಡೀ ನಡೆದ ಕಾಲು ಊದುವುದರಿಂದ ಅರ್ಧ ಸೈಜು ದೊಡ್ಡದಿರಲಿ. ಹವಾಯಿ ಚಪ್ಪಲಿಯ ಪಟ್ಟಿ ಒದ್ದೆಯಲ್ಲಿ ಬೆರಳಸಂದಿ ಕೊರೆಯುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಮಳೆಗೆ ಒಳ್ಳೆಯದು, ನೀರು ನಿಲ್ಲುವುದಿಲ್ಲ. ಹೊರಡುವ ಮುಂಚೆ ಹಿಮ್ಮಡಿ, ಬೆರಳಸಂದಿ, ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ. ಒದ್ದೆ ಪಂಚೆ ತೊಡೆಸಂದಿಯನ್ನು ಉಜ್ಜಿ ಕೆಂಡ ಮಾಡುತ್ತದೆ, ಒಳಗೆ ಮಂಡಿಯವರೆಗಿನ ಬಿಗಿ ಚಡ್ಡಿ ಹಾಕಿಕೊಂಡರೆ ತಪ್ಪುತ್ತದೆ. ಎರಡು ಗಂಟೆಗೊಮ್ಮೆ ಕೂತು, ಕಾಲು ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ಕಾಲುಚೀಲ ಬದಲಿಸಿ. ರಾತ್ರಿ ಬೂಟಿನೊಳಗೆ ಹಳೆ ಪೇಪರು ತುರುಕಿ, ಒಂದು ಸಲ ಬದಲಿಸಿದರೆ ಬೆಳಗ್ಗೆ ಹೊತ್ತಿಗೆ ಮುಕ್ಕಾಲು ಒಣಗಿರುತ್ತದೆ. ಒಲೆಯ ಪಕ್ಕ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕಳಚುತ್ತದೆ. ಉಗುರು ಎರಡು ದಿನ ಮುಂಚೆಯೇ ಕತ್ತರಿಸಿ. ಘಾಟ್ ಇಳಿಯುವಾಗ ಬೆರಳು ಬೂಟಿನ ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ, ಅಲ್ಲಿ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಬೇಕು.

ಚಿಕ್ಕ ಬೊಬ್ಬೆಯನ್ನು ಒಡೆಯಬೇಡಿ, ಸುತ್ತ ಮೆತ್ತೆ ಇಟ್ಟು ಟೇಪು ಹಾಕಿ. ನಡೆಯಲು ಬಿಡದಷ್ಟು ದೊಡ್ಡದಾದರೆ ಸೋಪು ನೀರಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಹೊಸ ಸೂಜಿಯಿಂದ ಅಂಚಿನಲ್ಲಿ ಎರಡು ತೂತು ಮಾಡಿ ನೀರು ಒತ್ತಿ ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಅದೇ ಅದರ ಬ್ಯಾಂಡೇಜು. ಮೇಲೆ ಮುಲಾಮು, ಗಾಯಕ್ಕೆ ಕಟ್ಟುವ ಜಾಳು ಬಟ್ಟೆ (ಗಾಜ್), ಟೇಪು. ನೂಲು ಪೋಣಿಸಿ ಒಳಗೇ ಬಿಡುವ ಪದ್ಧತಿ ಬಿಟ್ಟುಬಿಡಿ, ಕೊಳಕು ಒಳಗೆ ಹೋಗಲು ಅದೇ ದಾರಿ. ಸಕ್ಕರೆ ಕಾಯಿಲೆಯವರ ಬೊಬ್ಬೆಗೆ ಮಾತ್ರ ನೀವು ಸೂಜಿ ಮುಟ್ಟಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಳಗಿನ ಜಾವ ಮೂರಕ್ಕೆ ಹೊರಡುವ ರೂಢಿ ಬೇಸಿಗೆಯದು, ಬಿಸಿಲು ತಪ್ಪಿಸಲು. ಕಾರ್ತಿಕದಲ್ಲಿ ಅದಕ್ಕೆ ಅರ್ಥವಿಲ್ಲ. ಮಳೆ ಬಿಟ್ಟ ಮರುದಿನ ಆಕಾಶ ತಿಳಿಯಾದರೆ ನಾಲ್ಕರಿಂದ ಏಳೂವರೆವರೆಗೆ ದಟ್ಟ ಮಂಜು ಕವಿಯುತ್ತದೆ, ಕೆರೆ ಪಕ್ಕದ ರಸ್ತೆಗಳಲ್ಲಿ ಇನ್ನೂ ಹೆಚ್ಚು. ಗಂಟೆಗೆ 80 ಕಿ.ಮೀ. ವೇಗದ ಲಾರಿ ಒಂದು ಸೆಕೆಂಡಿನಲ್ಲಿ 22 ಮೀಟರ್ ಬರುತ್ತದೆ. ಡ್ರೈವರ್ ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಎರಡು ಸೆಕೆಂಡು ಹೋಗಿರುತ್ತದೆ. ಆಮೇಲೆ ಒದ್ದೆ ರಸ್ತೆಯಲ್ಲಿ ಅದು ನಿಲ್ಲಬೇಕು. ರಸ್ತೆಯಂಚಿನ ಮೂರನೆಯ ದೀಪದ ಕಂಬ ಕಾಣದಿದ್ದರೆ ಹೊರಡಬೇಡಿ, ಹೊರಟಿದ್ದರೆ ರಸ್ತೆ ಬಿಟ್ಟು ಇಳಿದು ಕೂತುಕೊಳ್ಳಿ. ಹಳದಿ ಬಟ್ಟೆ ಮಂಜಿನಲ್ಲಿ ಬೂದಿಯ ಬಣ್ಣವೇ. ಬೆನ್ನಿಗೆ, ಎದೆಗೆ ಎರಡಿಂಚಿನ ರಿಫ್ಲೆಕ್ಟರ್ ಟೇಪು ಅಂಟಿಸಿ, ಪಾಂಚೋ ಹಾಕಿದ ಮೇಲೆ ಕಾಣುವಂತೆ ಅದರ ಮೇಲೂ ಅಂಟಿಸಬೇಕು. ಸಾಲಿನ ಮೊದಲಿನವರ ಕೈಯಲ್ಲಿ ಬಿಳಿ ಟಾರ್ಚು, ಕೊನೆಯವರ ಬೆನ್ನಿಗೆ ಮಿನುಗುವ ಕೆಂಪು ದೀಪ. ಸರ್ವಿಸ್ ರಸ್ತೆಯಿದ್ದಲ್ಲಿ ಅದನ್ನೇ ಹಿಡಿಯಿರಿ. ಇಲ್ಲದ ಕಡೆ, ಪೂರ್ವಕ್ಕೆ ನಡೆಯುವ ನೀವು ರಸ್ತೆಯ ದಕ್ಷಿಣದ ಹೊರ ಅಂಚಿನಲ್ಲಿ, ಚಿತ್ತೂರು ಕಡೆಯಿಂದ ಬರುವ ಗಾಡಿಗಳಿಗೆ ಮುಖಮಾಡಿ ನಡೆಯಬೇಕು. ಬೆನ್ನ ಹಿಂದೆ ಬರುವ ಗಾಡಿ ನಿಮಗೆ ಕಾಣುವುದಿಲ್ಲ. ಭಜನೆಯ ಸ್ಪೀಕರ್ ಹಾಕಿದ್ದರೆ ಕೇಳುವುದೂ ಇಲ್ಲ. ಒಬ್ಬರ ಹಿಂದೆ ಒಬ್ಬರು, ಜೋಡಿ ಜೋಡಿಯಾಗಿ ಅಲ್ಲ.

ಹಿಂಗಾರಿನ ಮೊದಲ ಭಾಗದಲ್ಲಿ, ಅಂದರೆ ಅಕ್ಟೋಬರ್, ನವೆಂಬರ್ ಮೊದಲಲ್ಲಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಆಗಲೇ ಕಟ್ಟಡ ಸೇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಬೇಕು. ಒಂಟಿ ಮರ, ಕೆರೆ ಏರಿ, ಬಯಲ ಮಂಟಪ, ತಗಡಿನ ಬಸ್ ನಿಲ್ದಾಣ ಆಸರೆಯಲ್ಲ. ಕಟ್ಟಡವಿಲ್ಲದಿದ್ದರೆ ಬಾಗಿಲು ಮುಚ್ಚಿದ ಬಸ್ಸು, ಕಾರು. ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲಿನ ಸೂಚನೆ ಕೊಡುತ್ತದೆ, ತಂಡದಲ್ಲಿ ಇಬ್ಬರ ಫೋನಿನಲ್ಲಾದರೂ ಇರಲಿ. ಕೋಡಿ ಬಿದ್ದ ಕೆರೆಯ ನೀರು ರಸ್ತೆ ಮೇಲೆ ಹರಿಯುತ್ತಿದ್ದರೆ, ಮೊಣಕಾಲು ಮುಟ್ಟದಿದ್ದರೂ ದಾಟಬೇಡಿ. ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ತಿಳಿಯುವುದಿಲ್ಲ.

ನಡುಕ ಹಿಡಿದವರ ವಿಷಯ ಪ್ರತಿಯೊಬ್ಬ ಮುಂದಾಳಿಗೂ ಬಾಯಿಪಾಠವಾಗಿರಬೇಕು. ಬರೀ ನಡುಗುತ್ತಿದ್ದರೆ ಸೂರಿನಡಿ ಕೂರಿಸಿ, ಒದ್ದೆಯೆಲ್ಲ ತೆಗೆಸಿ, ಒರೆಸಿ, ಒಣಬಟ್ಟೆ, ಕುಲಾವಿ, ಕಂಬಳಿ. ಬಿಸಿ ಸಿಹಿ ಕಾಫಿ, ಬೆಲ್ಲ ಹಾಕಿದ ರಾಗಿ ಗಂಜಿ. ಕೈಕಾಲು ತಿಕ್ಕುವುದು, ಬೆಂಕಿಯ ಪಕ್ಕ ಒತ್ತಿ ಕೂರಿಸುವುದು, ಬ್ರಾಂದಿ ಕುಡಿಸುವುದು ಮೂರೂ ತಪ್ಪು. ತಿಕ್ಕಿದರೆ ತಣ್ಣಗಾದ ರಕ್ತ ಹೃದಯಕ್ಕೆ ನುಗ್ಗುತ್ತದೆ, ಬ್ರಾಂದಿ ಮೈಬಿಸಿಯನ್ನು ಇನ್ನಷ್ಟು ಹೊರಹಾಕುತ್ತದೆ. ಇಪ್ಪತ್ತು ನಿಮಿಷದಲ್ಲಿ ನಡುಕ ನಿಲ್ಲದಿದ್ದರೆ ಅಂದಿನ ನಡಿಗೆ ಅವರಿಗೆ ಮುಗಿಯಿತು. ಮಾತು ತೊದಲಿದರೆ, ಕಾಲು ತೂರಾಡಿದರೆ, ಅಥವಾ ಚಳಿಯಲ್ಲಿದ್ದೂ ನಡುಕ ತಾನಾಗಿ ನಿಂತು ಮಂಕಾದರೆ ತಕ್ಷಣ 108. ಆ ಸಂಖ್ಯೆ ಆಂಧ್ರದಲ್ಲೂ ನಡೆಯುತ್ತದೆ. ಹೆದ್ದಾರಿಯ ಅಪಘಾತಕ್ಕೆ 1033, ಉಳಿದದ್ದಕ್ಕೆ 112.

ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಪಾಂಚೋ ಒಳಗೆ ಬೆವರು ಹೋಗುತ್ತಲೇ ಇರುತ್ತದೆ. ಚಿತ್ತೂರಿನ ಸೆಖೆಗೆ ಇಳಿದಾಗ ಸುಸ್ತು ಬಡಿಯುವುದು ಆ ಬಾಕಿಯಿಂದ. ಗಂಟೆಗೆ ಎರಡು ಲೋಟ ಕುದಿಸಿ ಆರಿಸಿದ ನೀರು, ದಿನಕ್ಕೊಂದು ಪ್ಯಾಕೆಟ್ ಒಆರ್‌ಎಸ್ ಒಂದು ಲೀಟರಿಗೆ. ಪ್ಯಾಕೆಟ್ ಇಲ್ಲದಿದ್ದರೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಗೋಪುರವಿಲ್ಲದೆ ಸಮವಾಗಿ. ಬೆಳಗ್ಗೆ ಕಟ್ಟಿದ ಚಿತ್ರಾನ್ನವನ್ನು ಸಂಜೆಗೆ ತಿನ್ನಿಸಬೇಡಿ.

ಬೆಟ್ಟದ ಬುಡದ ಬಗ್ಗೆ ಎರಡು ಮಾತು. ಚಂದ್ರಗಿರಿ ಕಡೆಯಿಂದ ಬರುವವರಿಗೆ ಶ್ರೀವಾರಿ ಮೆಟ್ಟು ಹತ್ತಿರ, ಎರಡು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಕಡಿದು. ಅಲಿಪಿರಿಯದು 3,550 ಮೆಟ್ಟಿಲು, ಒಂಬತ್ತು ಕಿ.ಮೀ., ಹೆಚ್ಚು ಕಡೆ ಮೇಲೆ ಸೂರಿದೆ. ಮಳೆಯಿದ್ದರೆ ಅಲಿಪಿರಿಯೇ ಲೇಸು. ಆದರೆ 2023ರ ಚಿರತೆ ದಾಳಿಯ ನಂತರ ಅಲ್ಲಿ ಮಕ್ಕಳನ್ನು ಕರೆದೊಯ್ಯುವ ಹೊತ್ತಿಗೆ ನಿರ್ಬಂಧ ತಂದರು, ನಿಯಮ ಆಗಾಗ ಬದಲಾಗುತ್ತದೆ. ಚಿತ್ತೂರು ಬಿಡುವ ಮುಂಚೆಯೇ ಫೋನ್ ಮಾಡಿ ಯಾವ ಹಾದಿ ತೆರೆದಿದೆ, ಎಷ್ಟು ಗಂಟೆವರೆಗೆ ಎಂದು ಕೇಳಿಕೊಳ್ಳಿ.

ಮಾನ್ಯ ಜಿಲ್ಲಾಧಿಕಾರಿಗಳೇ, ಇಲ್ಲಿಯವರೆಗೆ ಹೇಳಿದ್ದು ತಂಡಗಳ ಕೈಯಲ್ಲಿರುವುದು. ಅವರ ಕೈಯಲ್ಲಿಲ್ಲದ ಕೆಲವು ನಿಮ್ಮ ಕೈಯಲ್ಲಿವೆ.

ನಿಲ್ಲಿ ಎಂದು ಹೇಳುವುದು ಸುಲಭ, ಎಲ್ಲಿ ನಿಲ್ಲುವುದು? ಕೋಲಾರದಿಂದ ನಂಗಲಿವರೆಗೆ ಹೆದ್ದಾರಿಯ ಪಕ್ಕದಲ್ಲೇ ಸರ್ಕಾರಿ ಶಾಲೆಗಳಿವೆ, ಸಮುದಾಯ ಭವನಗಳಿವೆ, ಮುಜರಾಯಿ ದೇವಸ್ಥಾನಗಳ ಛತ್ರಗಳಿವೆ. ಮಳೆಯಲ್ಲಿ ಅಲ್ಲಿಗೆ ಹೋದವರಿಗೆ ಸಿಗುವುದು ಬೀಗ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆಯ ದಿನಗಳಲ್ಲಿ ಸುಮಾರು ಹತ್ತು ಕಿ.ಮೀ.ಗೊಂದರಂತೆ ನಾಲ್ಕೈದು ಕಟ್ಟಡಗಳನ್ನು ರಾತ್ರಿ ತಂಗಲು ತೆರೆದಿಡುವಂತೆ ಕಾರ್ತಿಕ ಹುಟ್ಟುವ ಮುಂಚೆಯೇ ಆದೇಶವಾಗಲಿ. ಬೀಗದ ಕೈ ಯಾರ ಹತ್ತಿರವಿದೆ, ಅವರ ಫೋನ್ ನಂಬರ್ ಏನು ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಕಟ್ಟಡಕ್ಕಿಂತ ಆ ಒಂದು ಸಾಲು ಹೆಚ್ಚು ಜನರಿಗೆ ನೆರವಾಗುತ್ತದೆ.

ಹೆಂಗಸರ ಕಷ್ಟ ಬೇರೆಯೇ. ನೆನೆದ ಗಂಡಸು ರಸ್ತೆ ಬದಿಯಲ್ಲೇ ಪಂಚೆ ಬದಲಿಸುತ್ತಾನೆ. ನೆನೆದ ಹೆಂಗಸು ಮರೆಯಿಲ್ಲದೆ ಒದ್ದೆ ಸೀರೆಯಲ್ಲೇ ಇಡೀ ದಿನ ಕಳೆಯುತ್ತಾಳೆ. ಶೌಚಾಲಯ ಸಿಗದೆಂದು ನೀರನ್ನೂ ಕುಡಿಯುವುದಿಲ್ಲ. ಮೇಲೆ ಹೇಳಿದ ಕಟ್ಟಡಗಳಲ್ಲಿ ಹಗಲೂ ಒಂದು ಕೋಣೆ, ಒಂದು ಶೌಚಾಲಯ ಅವರಿಗಾಗಿ ತೆರೆದಿರಬೇಕು. ಈ ಎರಡು ತಿಂಗಳು ಎಲ್ಲ ದಿನವೂ, ಎಚ್ಚರಿಕೆ ಇರಲಿ ಬಿಡಲಿ.

ಹೆದ್ದಾರಿಯವರಿಗೆ ಹೇಳಿ ಸರ್ವಿಸ್ ರಸ್ತೆಗಳ ಚರಂಡಿಯನ್ನು ದೀಪಾವಳಿಗೆ ಮುಂಚೆ ತೆಗೆಸಿ. ಅಲ್ಲಿ ನೀರು ನಿಂತಾಗಲೇ ಜನ ದೊಡ್ಡ ರಸ್ತೆಗೆ ಹತ್ತುವುದು. ಮುಳಬಾಗಿಲು, ನಂಗಲಿ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಬೊಬ್ಬೆಗೆ ಬೇಕಾದ ಗಾಜ್ ಬಟ್ಟೆ, ಮುಲಾಮು ಜೊತೆಗೆ ಹಾವಿನ ವಿಷಕ್ಕೆ ಔಷಧ ದಾಸ್ತಾನಿರಲಿ. ಮಳೆ ನಿಂತ ರಾತ್ರಿ ಬೆಚ್ಚಗಿನ ಡಾಂಬರಿಗೆ ಕೊಳಕುಮಂಡಲ ಬರುತ್ತದೆ, ಬರಿಗಾಲಿನವರೂ ಅಲ್ಲೇ ನಡೆಯುತ್ತಾರೆ.

ಕೊನೆಯದಾಗಿ, ಹಿಂದೆ ಪಶ್ಚಿಮದಿಂದ ತಿರುಪತಿಗೆ ಹೋಗುವವರು ಮುಳಬಾಗಿಲಿನ ನರಸಿಂಹ ತೀರ್ಥದಲ್ಲಿ ಮಿಂದು, ಆಂಜನೇಯನಿಗೆ ಕೈಮುಗಿದು ಮುಂದೆ ಹೋಗುತ್ತಿದ್ದರು. ಇಂದಿಗೂ ಹೆಚ್ಚಿನ ತಂಡಗಳು ಅಲ್ಲಿ ನಿಲ್ಲುತ್ತವೆ. ಆ ದೇವಸ್ಥಾನದ ಬಳಿ ಒಂದು, ನಂಗಲಿ ಗಡಿಯಲ್ಲಿ ಒಂದು, ಎರಡು ಕಪ್ಪು ಹಲಗೆ ನಿಲ್ಲಿಸಲು ಅನುಮತಿ ಕೊಡಿ. ಕೋಲಾರ, ಚಿತ್ತೂರು, ತಿರುಪತಿ ಮೂರೂ ಜಿಲ್ಲೆಗಳ ಅಂದಿನ ಎಚ್ಚರಿಕೆಯ ಬಣ್ಣ, ಮೊಗಿಲಿ ಘಾಟಿನ ಸ್ಥಿತಿ, ಬೆಟ್ಟದ ಎರಡು ಹಾದಿಗಳಲ್ಲಿ ಯಾವುದು ತೆರೆದಿದೆ, ಇಂದು ತೆರೆದಿರುವ ತಂಗುದಾಣ ಯಾವುದು: ನಾಲ್ಕು ಸಾಲು, ಕನ್ನಡದಲ್ಲೂ ತೆಲುಗಿನಲ್ಲೂ. ಹಲಗೆ ನಾವು ತರುತ್ತೇವೆ, ದಿನಾ ಬೆಳಗ್ಗೆ ಆರಕ್ಕೆ ಬರೆಯುವವರೂ ನಮ್ಮಲ್ಲಿದ್ದಾರೆ. ನಿಮ್ಮ ವಿಪತ್ತು ನಿರ್ವಹಣಾ ಕೊಠಡಿಯಿಂದ ಐದೂವರೆಗೆ ಆ ನಾಲ್ಕು ಸಾಲಿನ ಸಂದೇಶ ಬಂದರೆ ಸಾಕು.

ಇಂತಿ,
ಮುಳಬಾಗಿಲು ರಸ್ತೆಯಲ್ಲಿ ಪಾದಯಾತ್ರಿಗಳ ಸೇವೆಯಲ್ಲಿರುವವರು